ಅಮ್ಮನ ಫೋನು ಮಗುವಿನ ಕೈಗೆ ಹೋಗುವ ಮುಂಚೆ: ಸಣ್ಣ ಕ್ಲಾಸಿನವರಿಗೆ ಇಂಟರ್‌ನೆಟ್ ಎಚ್ಚರ ಕಲಿಸುವ ಬಗೆ

ಸಣ್ಣ ಕ್ಲಾಸಿನ ಮಕ್ಕಳಿಗೆ ಇಂಟರ್‌ನೆಟ್ ಸುರಕ್ಷತೆಯ ಪಾಠ ಮಾಡಲು ಹೊರಡುವ ಟೀಚರುಗಳು, ಮಾಷ್ಟ್ರುಗಳು ಮೊದಲು ಗಮನಿಸಬೇಕಾದ ಸಂಗತಿ ಒಂದುಂಟು. ನಮ್ಮ ಕಡೆ ಒಂದರಿಂದ ನಾಲ್ಕರವರೆಗಿನ ಹೆಚ್ಚಿನ ಮಕ್ಕಳಿಗೆ ಸ್ವಂತ ಫೋನಿಲ್ಲ. ಅವರ ಕೈಯಲ್ಲಿರುವುದು ಅಮ್ಮನ ಫೋನು. ಅಪ್ಪನ ಗಲ್ಫ್ ಕಾಲ್ ಬರುವುದು ಅದರಲ್ಲಿ, ಬ್ಯಾಂಕಿನ ಒಟಿಪಿ ಬರುವುದು ಅದರಲ್ಲಿ, ಶಾಲೆಯ ವಾಟ್ಸಾಪ್ ಗ್ರೂಪು ಇರುವುದೂ ಅದರಲ್ಲಿ. ಚಳಿಗಾಲದಲ್ಲಿ ಅಮ್ಮ, ಅಜ್ಜಿ ಅಡಿಕೆ ಸುಲಿಯಲು ಕೂತರೆಂದರೆ ರಾತ್ರಿ ಹತ್ತರವರೆಗೂ ಆ ಫೋನು ಮಗುವಿನದ್ದೇ. ಮಗುವಿಗೆ ಟೈಪ್ ಮಾಡಲು ಬಾರದಿದ್ದರೂ ತೊಂದರೆಯಿಲ್ಲ, ಮೈಕಿನ ಚಿತ್ರ ಒತ್ತಿ ಬೇಕಾದ್ದನ್ನು ಬಾಯಲ್ಲೇ ಕೇಳುತ್ತದೆ. ‘ನಿನ್ನ ಅಕೌಂಟಿನ ಪಾಸ್‌ವರ್ಡ್ ಬಲವಾಗಿರಲಿ’ ಎಂದು ಶುರುವಾಗುವ ಪಾಠ ಈ ಮಕ್ಕಳಿಗೆ ತಾಗುವುದಿಲ್ಲ. ಅವರಿಗೆ ಅಕೌಂಟೇ ಇಲ್ಲ.

ನಾನು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಒಂದು ಕನ್ನಡ ಮಾಧ್ಯಮ ಎಲ್‌ಪಿ ಶಾಲೆಯ, ಎಂದರೆ ಒಂದರಿಂದ ನಾಲ್ಕನೇ ಕ್ಲಾಸಿನವರೆಗಿನ ಶಾಲೆಯ, ಟೀಚರು. ನನ್ನ ಕ್ಲಾಸಿನಲ್ಲಿ ತುಳು ಮನೆಮಾತಿನವರು, ಹವ್ಯಕರು, ಬ್ಯಾರಿ ಮತ್ತು ಮಲಯಾಳ ಮಾತಾಡುವವರು, ಮರಾಠಿಯವರು ಒಟ್ಟಿಗೆ ಕೂರುತ್ತಾರೆ. ಶಾಲೆಗಳ ಕಂಪ್ಯೂಟರ್ ಶಿಕ್ಷಣ ನೋಡಿಕೊಳ್ಳುವ ಕೇರಳ ಸರ್ಕಾರದ ಕೈಟ್ ಸಂಸ್ಥೆಯ ಲ್ಯಾಪ್‌ಟಾಪು, ಪ್ರೊಜೆಕ್ಟರು ನಮ್ಮಲ್ಲುಂಟು, ‘ಕಳಿಪ್ಪೆಟ್ಟಿ’ ಎಂಬ ಕಂಪ್ಯೂಟರ್ ಪಾಠಪುಸ್ತಕವೂ ಉಂಟು. ಆದರೆ ಸೈಬರ್ ಸುರಕ್ಷತೆ ಎಂದು ಕೈಗೆ ಸಿಗುವ ಪೋಸ್ಟರು, ವಿಡಿಯೊಗಳು ಹೆಚ್ಚಾಗಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತವೆ, ಅದೂ ಹೈಸ್ಕೂಲಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದಂಥವು. ಏಳೆಂಟು ವರ್ಷದ ಕನ್ನಡ ಮಗುವಿಗೆ ಬೇಕಾದ್ದನ್ನು ಚಾಕ್‌ಪೀಸು, ಕಾಗದದ ಚೀಟಿಗಳಿಂದ ನಾವೇ ಮಾಡಿಕೊಳ್ಳಬಹುದು. ನಾನು ಮಾಡುವ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ನಿಮ್ಮ ಕ್ಲಾಸಿಗೆ ತಕ್ಕ ಹಾಗೆ ತಿದ್ದಿಕೊಳ್ಳಿ.

ಒಂದೇ ಒಂದು ಗುರಿ ಇಟ್ಟುಕೊಳ್ಳಿ. ಫೋನಿನಲ್ಲಿ ಏನಾದರೂ ಒಂದು ನೋಡಿ ಮಗುವಿನ ಹೊಟ್ಟೆಯೊಳಗೆ ಕಸಿವಿಸಿಯಾದರೆ ಅದು ಅದೇ ದಿನ ಒಬ್ಬ ದೊಡ್ಡವರ ಹತ್ತಿರ ಬಂದು ಹೇಳಬೇಕು. ಈ ಪ್ರಾಯದಲ್ಲಿ ಉಳಿದೆಲ್ಲ ಪಾಠ ಇದಕ್ಕೆ ಪೂರಕ. ಎಂಟು ವರ್ಷದ ಮಗು ಎಲ್ಲ ಮೋಸವನ್ನೂ ತಾನೇ ಗುರುತಿಸಲಿ ಎಂದು ಬಯಸುವುದು ನ್ಯಾಯವಲ್ಲ, ದೊಡ್ಡವರೇ ಎಷ್ಟೋ ಸಲ ಗುರುತಿಸುವುದಿಲ್ಲ. ಬಂದು ಹೇಳುವುದು ಮಾತ್ರ ಅದರಿಂದ ಆಗುವ ಕೆಲಸ.

ಮೊದಲು ತಾಯಂದಿರ ಸಭೆ

ಮಗು ಬಂದು ಹೇಳಬೇಕಾದರೆ ಕೇಳುವ ದೊಡ್ಡವರು ಮೊದಲು ತಯಾರಿರಬೇಕು, ಹಾಗಾಗಿ ಪಾಠ ಮಕ್ಕಳಿಂದ ಶುರುವಾಗಬಾರದು. ಜೂನ್ ತಿಂಗಳ ಕ್ಲಾಸ್ ಪಿಟಿಎಯಲ್ಲಿ (ಹೆತ್ತವರ, ಟೀಚರುಗಳ ಸಭೆ), ಇಲ್ಲವಾದರೆ ಮದರ್ ಪಿಟಿಎಯಲ್ಲಿ ಅರ್ಧ ಗಂಟೆ ಕೇಳಿ ತೆಗೆದುಕೊಳ್ಳಿ. ಅಲ್ಲಿ ತಾಯಂದಿರಿಂದ ಒಂದು ಮಾತು ಪಡೆಯಬೇಕು: ‘ಮಗು ತಾನಾಗಿ ಬಂದು ಹೇಳಿದ ದಿನ ನಾನು ಬೈಯುವುದಿಲ್ಲ, ಫೋನು ಕಿತ್ತುಕೊಳ್ಳುವುದಿಲ್ಲ.’

ಇದಕ್ಕೆ ಸುಲಭವಾಗಿ ಒಪ್ಪಿಗೆ ಸಿಗುವುದಿಲ್ಲ. ‘ಬೈಯದಿದ್ರೆ ಮತ್ತೆ ಬುದ್ಧಿ ಬರ್ಲಿಕ್ಕುಂಟಾ ಟೀಚರ್?’ ಎಂದು ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ನಾನು ಹೇಳುವುದು ಹೀಗೆ: ಕೆಟ್ಟ ಉದ್ದೇಶದಿಂದ ಮಗುವಿನ ಜೊತೆ ಮಾತಿಗಿಳಿಯುವವನು ಕೊನೆಗೆ ಬಳಸುವ ಅಸ್ತ್ರ ‘ಹೇಳಿದ್ರೆ ನಿನ್ನಮ್ಮ ಫೋನು ತೆಗೆದಿಡ್ತಾರೆ, ನಿನಗೇ ಪೆಟ್ಟು ಬೀಳ್ತದೆ’ ಎಂಬುದು. ಆ ಮಾತು ನಮ್ಮ ಮನೆಯಲ್ಲಿ ನಿಜವಾಗಿದ್ದರೆ ಅವನು ಗೆದ್ದ. ಸುಳ್ಳಾಗಿದ್ದರೆ ಮಗು ಅವನನ್ನು ನಂಬುವುದಿಲ್ಲ. ಫೋನಿನ ಸಮಯ ಕಡಿಮೆ ಮಾಡುವುದು, ಆಟ ತೆಗೆದುಹಾಕುವುದು ಇಂಥ ತೀರ್ಮಾನಗಳೆಲ್ಲ ಎರಡು ದಿನ ಕಳೆದು ಆಗಲಿ. ಹೇಳಿದ ಗಳಿಗೆಯಲ್ಲಿ ಬೇಡ.

ಮೊದಲ ಮಾತು ಏನಿರಬೇಕು ಎಂಬುದನ್ನೂ ಅಲ್ಲೇ ಬಾಯಿಪಾಠ ಮಾಡಿಸಿ. ‘ಹೇಳಿದ್ದು ಒಳ್ಳೆಯದಾಯಿತು ಮಗಾ. ನಿನ್ನ ತಪ್ಪಿಲ್ಲ. ಇನ್ನು ನಾನು ನೋಡಿಕೊಳ್ಳುತ್ತೇನೆ.’ ಇಷ್ಟೇ. ಗಲಿಬಿಲಿಯಾದಾಗ ಯಾರಿಗೂ ಹೊಸ ಮಾತು ತೋಚುವುದಿಲ್ಲ, ಕಲಿತಿಟ್ಟ ಮಾತೇ ಹೊರಗೆ ಬರುತ್ತದೆ. ಸಭೆಗೆ ಬರಲಾಗದ ಅಪ್ಪಂದಿರಿಗೆ ಇದನ್ನು ವಾಯ್ಸ್ ಮೆಸೇಜು ಮಾಡಿ ಕಳಿಸಿ. ಗಲ್ಫಿನಲ್ಲಿರುವ ಅಪ್ಪ ದಿನಾ ವಿಡಿಯೊ ಕಾಲ್‌ನಲ್ಲಿ ಮಗುವಿನ ಮುಖ ನೋಡುವವರು. ಮಗು ಮಂಕಾದದ್ದು ಕೆಲವೊಮ್ಮೆ ಮೊದಲು ಕಾಣುವುದು ಅವರಿಗೇ.

ಚಾಕ್‌ಪೀಸಿನ ಮನೆ

ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವ ಆಟ ಇದು. ಎರಡನೇ ಕ್ಲಾಸಿನಿಂದ ಮೇಲಿನವರೆಲ್ಲ ಆಡಬಹುದು.

ಬೆಂಚುಗಳನ್ನು ಬದಿಗೆ ಸರಿಸಿ ನೆಲದ ಮೇಲೆ ಚಾಕ್‌ಪೀಸಿನಿಂದ ಒಂದು ಮನೆ ಬರೆಯಿರಿ. ಮುಂದೆ ಅಂಗಳ, ನಡುವೆ ಚಾವಡಿ, ಹಿಂದೆ ಒಳಕೋಣೆ. ಅಂಗಳದಲ್ಲಿ ಇಟ್ಟದ್ದು ದಾರಿಯಲ್ಲಿ ಹೋಗುವ ಯಾರಿಗೂ ಕಾಣುತ್ತದೆ. ಚಾವಡಿಯಲ್ಲಿರುವುದು ಮನೆಗೆ ಬಂದುಹೋಗುವ ನೆಂಟರು, ನೆರೆಕರೆಯವರಿಗೆ ಕಾಣುತ್ತದೆ. ಒಳಕೋಣೆಯಲ್ಲಿರುವುದು ಮನೆಯವರಿಗೆ ಮಾತ್ರ. ಇಷ್ಟು ಹೇಳಿದ ಮೇಲೆ ಗೇಮಿನ ಚಾಟು, ಯೂಟ್ಯೂಬಿನ ಕಮೆಂಟು, ಎಲ್ಲರಿಗೂ ಕಾಣುವ ರೀಲು ಇವೆಲ್ಲ ಅಂಗಳವೆಂದೂ, ಕುಟುಂಬದ ವಾಟ್ಸಾಪ್ ಗ್ರೂಪು ಚಾವಡಿಯೆಂದೂ ಸೇರಿಸಿ.

ಈಗ ಚೀಟಿಗಳನ್ನು ಹಂಚಿ. ‘ನನಗೆ ಹಲಸಿನ ಹಣ್ಣು ಇಷ್ಟ’, ‘ನನ್ನ ಪೂರ್ತಿ ಹೆಸರು’, ‘ನನ್ನ ಶಾಲೆ’, ‘ಯೂನಿಫಾರ್ಮ್ ಹಾಕಿದ ಫೋಟೋ’, ‘ಅಮ್ಮನ ಫೋನಿಗೆ ಬಂದ ಒಟಿಪಿ’, ‘ಅಪ್ಪ ದುಬೈಯಲ್ಲಿದ್ದಾರೆ’, ‘ನಾನು ಸಂಜೆ ಬರುವ ಬಸ್ಸು’, ‘ಪುಟ್ಟ ತಮ್ಮನ ಸ್ನಾನದ ವಿಡಿಯೊ’, ‘ಇವತ್ತು ಮನೆಯಲ್ಲಿ ಅಜ್ಜಿ ಮಾತ್ರ’. ಒಬ್ಬೊಬ್ಬರೂ ಬಂದು ತಮ್ಮ ಚೀಟಿಯನ್ನು ತಮಗೆ ಸರಿ ಕಂಡಲ್ಲಿ ಇಡಲಿ, ಏಕೆಂದು ಹೇಳಲಿ. ನೀವು ಸರಿ, ತಪ್ಪು ಎನ್ನಬೇಡಿ. ಮಕ್ಕಳೇ ಜಗಳವಾಡುತ್ತಾರೆ, ಆಡಲಿ. ಒಟಿಪಿಯನ್ನು ಎಲ್ಲರೂ ಒಳಗಿಡುತ್ತಾರೆ. ‘ಅಪ್ಪ ದುಬೈಯಲ್ಲಿದ್ದಾರೆ’ ಎಂಬ ಚೀಟಿಗೆ ಪ್ರತಿ ಸಲವೂ ಚರ್ಚೆ ಏಳುತ್ತದೆ. ‘ಅದು ಊರಿಗೆಲ್ಲ ಗೊತ್ತುಂಟಲ್ಲ ಟೀಚರ್’ ಎನ್ನುವವರು ಒಂದು ಕಡೆ, ‘ಗೊತ್ತಿಲ್ಲದವರಿಗೆ ಹೇಳ್ಲಿಕ್ಕಿಲ್ಲ’ ಎನ್ನುವವರು ಇನ್ನೊಂದು ಕಡೆ. ಊರಿಗೆ ಗೊತ್ತಿರುವುದಕ್ಕೂ ಇಂಟರ್‌ನೆಟ್ಟಿಗೆ ಗೊತ್ತಾಗುವುದಕ್ಕೂ ಇರುವ ಅಂತರ ಮಕ್ಕಳಿಗೆ ಹೊಳೆಯುವುದು ಆ ಜಗಳದಲ್ಲೇ.

ಮೂರು, ನಾಲ್ಕನೇ ಕ್ಲಾಸಿನವರಾದರೆ ಒಂದು ಹೆಜ್ಜೆ ಮುಂದೆ ಹೋಗಿ. ಅಂಗಳದಲ್ಲಿ ಬಿದ್ದಿರುವ ಚೀಟಿಗಳನ್ನು ಮಾತ್ರ ಹೆಕ್ಕಿಕೊಂಡು ಬರಲು ಒಬ್ಬರಿಗೆ ಹೇಳಿ. ಶಾಲೆಯ ಹೆಸರೂ ಬಸ್ಸಿನ ಚೀಟಿಯೂ ಅಲ್ಲಿ ಸೇರಿಕೊಂಡಿದ್ದರೆ ‘ಈ ಮಗು ಸಂಜೆ ನಾಲ್ಕು ಗಂಟೆಗೆ ಎಲ್ಲಿ ನಿಂತಿರುತ್ತದೆ?’ ಎಂದು ಕೇಳಿ. ಉತ್ತರ ಕ್ಷಣದಲ್ಲಿ ಬರುತ್ತದೆ. ಬಿಡಿಬಿಡಿಯಾಗಿ ನಿರುಪದ್ರವಿಯಾದ ಮಾತುಗಳು ಕೂಡಿದಾಗ ಏನಾಗುತ್ತದೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ದಾರಿ ನನಗೆ ಸಿಕ್ಕಿಲ್ಲ.

ಅಳಿಸಿದರೂ ಉಳಿಯುತ್ತದೆ ಎಂಬುದನ್ನೂ ಇದೇ ಆಟದಲ್ಲಿ ಕಲಿಸಬಹುದು. ನೆಂಟರಾಗಿ ಬಂದ ಮಗು ಚಾವಡಿಯ ಒಂದು ಚೀಟಿಯನ್ನು ತನ್ನ ಪುಸ್ತಕದಲ್ಲಿ ನಕಲು ಬರೆದುಕೊಂಡು ಅಂಗಳಕ್ಕೆ ಹೋಗಲಿ. ಆಮೇಲೆ ಚೀಟಿಯ ಒಡೆಯನೇ ತನ್ನ ಚೀಟಿಯನ್ನು ಹರಿದುಹಾಕಲಿ. ‘ಈಗ ಅದು ಹೋಯಿತಾ?’ ಎಂದು ಕೇಳಿ, ಸುಮ್ಮನಿರಿ.

ಪರದೆಯ ಹಿಂದಿನ ಗೆಳೆಯ

ಎರಡನೆಯದು ಚೀಟಿಯ ಚಾಟು. ಕರಿಹಲಗೆಯನ್ನು ಅಡ್ಡ ನಿಲ್ಲಿಸಿ, ಇಲ್ಲವೇ ಬಾಗಿಲಿಗೆ ಒಂದು ಸೀರೆ ಕಟ್ಟಿ. ಈಚೆ ಕಡೆ ಇಡೀ ಕ್ಲಾಸು, ಆಚೆ ಕಡೆ ಒಬ್ಬರು ‘ಗೆಳೆಯ’. ಆ ಗೆಳೆಯನ ಪಾತ್ರ ಯಾವತ್ತೂ ದೊಡ್ಡವರೇ ಮಾಡಬೇಕು, ಮಕ್ಕಳಿಂದ ಮಾಡಿಸಬೇಡಿ. ನಮ್ಮಲ್ಲಿ ಹೆಡ್‌ಮಾಷ್ಟ್ರು ಮಾಡುತ್ತಾರೆ. ಮಧ್ಯಾಹ್ನದ ಅಡುಗೆ ಮಾಡುವ ಅಕ್ಕ ಮಾಡಿದರೂ ಚೆನ್ನ, ಅವರ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ.

ಆಚೆಯಿಂದ ಚೀಟಿಗಳು ಒಂದೊಂದಾಗಿ ಬರುತ್ತವೆ. ‘ಹಾಯ್, ನಾನು ಪುತ್ತೂರಿನ ಹುಡುಗ, ನಾಲ್ಕನೇ ಕ್ಲಾಸು.’ ‘ನೀನು ಗೇಮು ತುಂಬ ಚೆನ್ನಾಗಿ ಆಡ್ತಿ.’ ‘ನಿನಗೆ ಫ್ರೀ ಡೈಮಂಡ್ ಬೇಕಾ?’ ‘ನಿನ್ನ ಶಾಲೆ ಯಾವುದು?’ ‘ಇಲ್ಲಿ ಬೇಡ, ಬೇರೆ ಆ್ಯಪಿನಲ್ಲಿ ಮಾತಾಡುವ.’ ‘ಈಗ ಹತ್ತಿರ ಯಾರಾದ್ರೂ ಇದ್ದಾರಾ?’ ‘ಒಂದು ಫೋಟೋ ಕಳಿಸು.’ ‘ಅಮ್ಮನಿಗೆ ಹೇಳ್ಬೇಡ.’ ಪ್ರತಿ ಚೀಟಿ ಓದಿದ ಕೂಡಲೇ, ಹೊಟ್ಟೆಯೊಳಗೆ ಕಸಿವಿಸಿಯಾದವರು ಕೈ ಎತ್ತಬೇಕು.

ಹೆಚ್ಚಿನ ಕೈಗಳು ಏಳುವುದು ಫೋಟೋ ಕೇಳಿದಾಗ. ಗೇಮಿನೊಳಗೆ ದುಡ್ಡಿನ ಹಾಗೆ ಬಳಸುವ ಡೈಮಂಡ್ ಕೊಡುತ್ತೇನೆಂದಾಗ ಬಹಳ ಮಂದಿ ನಗುತ್ತಾರೆ. ಆದ್ದರಿಂದ ಎರಡನೇ ಸಲ ಓದುವಾಗ ಡೈಮಂಡಿನ ಚೀಟಿಯಲ್ಲಿ ನಿಲ್ಲಿಸಿ. ಗುರುತಿಲ್ಲದವರು ಯಾಕೆ ಉಡುಗೊರೆ ಕೊಡುತ್ತಾರೆ? ಯಾಕೆ ಬೇರೆ ಆ್ಯಪಿಗೆ ಕರೆಯುತ್ತಾರೆ? ಹತ್ತಿರ ಯಾರಿದ್ದಾರೆ ಎಂದು ಅವರಿಗೆ ಎಂತಕ್ಕೆ? ಮಕ್ಕಳೇ ಯೋಚಿಸಲಿ. ನಾಲ್ಕನೇ ಕ್ಲಾಸು ಎಂದದ್ದು ನಿಜವೋ ಎಂದು ಕೇಳಿ, ಆಮೇಲೆ ಸೀರೆ ಸರಿಸಿ. ಹೆಡ್‌ಮಾಷ್ಟ್ರ ಮುಖ ಕಂಡಾಗ ಕ್ಲಾಸು ಬೊಬ್ಬೆ ಹೊಡೆದು ನಗುತ್ತದೆ. ಆ ನಗು ಬೇಕೇ ಬೇಕು, ಹೆದರಿಕೆ ಹೊತ್ತುಕೊಂಡು ಯಾವ ಮಗುವೂ ಮನೆಗೆ ಹೋಗಬಾರದು.

ಅದೇ ದಿನ ಗುಟ್ಟಿನ ವಿಷಯ ಮಾತಾಡಿ ಮುಗಿಸಿ. ಅಮ್ಮನ ಹುಟ್ಟುಹಬ್ಬಕ್ಕೆ ಕಾರ್ಡು ಮಾಡಿ ಅಡಗಿಸಿಟ್ಟದ್ದು ಒಳ್ಳೆಯ ಗುಟ್ಟು, ಅದು ಹೊರಬೀಳುವ ದಿನ ಮೊದಲೇ ಗೊತ್ತುಂಟು, ಹೊರಬಿದ್ದಾಗ ಎಲ್ಲರಿಗೂ ಖುಷಿ. ‘ಯಾರಿಗೂ ಯಾವತ್ತೂ ಹೇಳ್ಬೇಡ’ ಎನ್ನುವ ಗುಟ್ಟು ಆ ಜಾತಿಯದ್ದಲ್ಲ. ಅದನ್ನು ಹೇಳಿದರೆ ಮಾತಿಗೆ ತಪ್ಪಿದ ಹಾಗಾಗುವುದಿಲ್ಲ ಎಂದು ಟೀಚರೇ ಬಾಯಿಬಿಟ್ಟು ಹೇಳಬೇಕು. ಪ್ರಾಮಾಣಿಕ ಮಕ್ಕಳು ಕೊಟ್ಟ ಮಾತಿಗೆ ಕಟ್ಟುಬಿದ್ದು ಒಳಗೊಳಗೇ ನರಳುತ್ತಾರೆ.

ಐದು ಬೆರಳು, ಒಂದು ಮಾತು

ಒಂದನೇ ಕ್ಲಾಸಿನವರೂ ಮಾಡಬಹುದಾದ ಕೆಲಸ: ಕಾಗದದ ಮೇಲೆ ಕೈಯಿಟ್ಟು ಸುತ್ತ ಗೆರೆ ಎಳೆದು, ಒಂದೊಂದು ಬೆರಳಿಗೆ ‘ನಾನು ಹೇಳಬಹುದಾದವರು’ ಎಂದು ಒಬ್ಬೊಬ್ಬರ ಹೆಸರು. ಒಂದು ಬೆರಳಾದರೂ ಮನೆಯ ಹೊರಗಿನವರದ್ದಾಗಿರಲಿ. ತೊಂದರೆ ಮನೆಯವರಿಂದಲೇ, ಪರಿಚಯದವರಿಂದಲೇ ಬಂದರೆ ಮಗು ಯಾರ ಹತ್ತಿರ ಹೋಗಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ಅಂಗೈಯ ನಡುವೆ 1098 ಎಂದು ದೊಡ್ಡದಾಗಿ ಬರೆಸಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡು ಬೇಡ. ಐದು ಬೆರಳೂ ತುಂಬದ ಮಗು ಕಂಡರೆ ಕ್ಲಾಸಿನಲ್ಲಿ ಏನೂ ಹೇಳದೆ, ಆಮೇಲೆ ಪಕ್ಕದಲ್ಲಿ ಕೂತು ಮಾತಾಡಿ.

ಹೇಳುವ ಮಾತನ್ನೂ ಬಾಯಿಗೆ ರೂಢಿ ಮಾಡಿಸಬೇಕು. ‘ಇಲ್ಲ, ಕಳಿಸುವುದಿಲ್ಲ, ಅಮ್ಮನಿಗೆ ಹೇಳ್ತೇನೆ’ ಎಂದು ಗಟ್ಟಿಯಾಗಿ ಹೇಳಿಸಿ. ಕನ್ನಡದಲ್ಲಿ ಹೇಳಿಸಿದರೆ ಸಾಲದು, ‘ಅಮ್ಮಡ ಪಣ್ಪೆ’ ಎಂದು ತುಳುವಿನಲ್ಲಿ, ‘ಅಬ್ಬೆಗೆ ಹೇಳ್ತೆ’ ಎಂದು ಹವ್ಯಕದಲ್ಲಿ, ಯಾರ ಮನೆಮಾತು ಯಾವುದೋ ಅದರಲ್ಲಿ ಹೇಳಿಸಿ. ಹೆದರಿದ ಮಗುವಿಗೆ ಪಾಠಪುಸ್ತಕದ ಭಾಷೆ ನಾಲಗೆಗೆ ಬರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಭಯಾನಕ ಗೇಮುಗಳ, ಚಾಲೆಂಜುಗಳ ಹೆಸರು ಹೇಳಿ ಪಾಠ ಮಾಡಬೇಡಿ. ನೀವು ಹೆಸರು ಹೇಳಿದ ರಾತ್ರಿಯೇ ಅರ್ಧ ಕ್ಲಾಸು ಅದನ್ನು ಮೈಕಿನಲ್ಲಿ ಕೇಳಿ ಹುಡುಕುತ್ತದೆ. ‘ಮೊಮೊ’ ಎಂಬ ಉಬ್ಬುಕಣ್ಣಿನ ಮುಖ ನೆನಪಿರಬಹುದು. ಅದು ಜಪಾನಿನಲ್ಲಿ ತಯಾರಾದ ಒಂದು ಶಿಲ್ಪದ ಫೋಟೋ. 2019ರಲ್ಲಿ ಬ್ರಿಟನ್ನಿನಲ್ಲಿ ಶಾಲೆಗಳೂ ಹೆತ್ತವರೂ ಹೆದರಿ ಅದನ್ನು ಹಂಚಿದಾಗ ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆಗಳೇ ಮುಂದೆ ಬಂದು, ಅಪಾಯ ನಡೆದದ್ದಕ್ಕೆ ಆಧಾರವಿಲ್ಲ, ಹರಡುತ್ತಿರುವ ಭಯವೇ ಮಕ್ಕಳಿಗೆ ಕೇಡು ಎಂದು ಹೇಳಬೇಕಾಯಿತು. ನಮ್ಮ ಗ್ರೂಪುಗಳಿಗೂ ಇಂಥ ಮೆಸೇಜು ಬರುತ್ತದೆ. ಬಂದರೆ ಅಲ್ಲೇ ನಿಲ್ಲಿಸಿ.

ನಾಳೆ ರಜೆಯಾ?

ಸುಳ್ಳು ಸುದ್ದಿಯ ಪಾಠಕ್ಕೆ ನಮ್ಮ ಜಿಲ್ಲೆಯಲ್ಲಿ ಜುಲೈ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ಮಳೆ ಜೋರಾದ ಕೂಡಲೇ ‘ನಾಳೆ ಜಿಲ್ಲೆಯ ಶಾಲೆಗಳಿಗೆ ರಜೆ, ಕಲೆಕ್ಟರ್ ಆದೇಶ’ ಎಂಬ ಪೋಸ್ಟು ಒಂದರ ಹಿಂದೆ ಒಂದು ಬರುತ್ತದೆ. ಕೆಲವು ನಿಜ, ಕೆಲವು ಹೋದ ವರ್ಷದ್ದು, ಕೆಲವು ಯಾರೋ ಮಾಡಿದ್ದು. ಮಕ್ಕಳಿಗೆ ಇದಕ್ಕಿಂತ ಪ್ರೀತಿಯ ಸುದ್ದಿ ಬೇರೊಂದಿಲ್ಲ, ಅದಕ್ಕೇ ಪಾಠ ಹಿಡಿಸುತ್ತದೆ.

ಹಳೆಯ ಒಂದು ರಜೆಯ ಪೋಸ್ಟನ್ನು ಪ್ರೊಜೆಕ್ಟರಿನಲ್ಲಿ ತೋರಿಸಿ ಪತ್ತೇದಾರಿಕೆ ಮಾಡಿಸಿ. ತಾರೀಕು ಉಂಟಾ? ವರ್ಷ? ಯಾವ ಜಿಲ್ಲೆ? ದಕ್ಷಿಣ ಕನ್ನಡದ ರಜೆಯ ಸುದ್ದಿ ತಲಪಾಡಿ ದಾಟಿ ಬಂದು ನಮ್ಮ ಮಕ್ಕಳನ್ನು ಮನೆಯಲ್ಲಿ ಕೂರಿಸುವುದು ಗಡಿಯ ಶಾಲೆಯವರಿಗೆಲ್ಲ ಗೊತ್ತು. ಆಮೇಲೆ ಕಾಸರಗೋಡು ಕಲೆಕ್ಟರರ ಅಧಿಕೃತ ಪುಟ ತೆರೆದು ಅದರಲ್ಲಿ ಇದೆಯೇ ಎಂದು ಒಟ್ಟಿಗೆ ನೋಡಿ. ಕೊನೆಗೆ ‘ಖುಷಿ ಆಗುವ ಸುದ್ದಿ ಬಂದ್ರೆ ಇನ್ನೂ ಹೆಚ್ಚು ನೋಡ್ಬೇಕು’ ಎಂಬ ಮಾತು ಮಕ್ಕಳ ಬಾಯಲ್ಲೇ ಬರುವಂತೆ ಮಾಡಿದರೆ, ಫ್ರೀ ಡೈಮಂಡ್, ಫ್ರೀ ರೀಚಾರ್ಜು, ‘ನಿಮಗೆ ಬಹುಮಾನ ಬಂದಿದೆ’ ಇವೆಲ್ಲಕ್ಕೂ ಅದೇ ಸಾಕು.

ಎಐ ಮಾಡಿದ ಚಿತ್ರ, ಧ್ವನಿಗಳ ವಿಷಯ ನಾಲ್ಕನೇ ಕ್ಲಾಸಿಗೆ ಸ್ವಲ್ಪ ಮಾತ್ರ ಹೇಳಿ. ಕಂಡದ್ದೆಲ್ಲ ನಡೆದದ್ದಲ್ಲ, ಅಪ್ಪನ ಧ್ವನಿಯಂತೆ ಕೇಳಿದ್ದೆಲ್ಲ ಅಪ್ಪನಲ್ಲ, ಅಷ್ಟು ಸಾಕು. ಹಣವೋ ಒಟಿಪಿಯೋ ಕೇಳಿ ಕಾಲ್ ಬಂದರೆ ಕೇಳಲಿಕ್ಕೆಂದು ಮನೆಯವರೊಳಗೆ ಒಂದು ಗುಟ್ಟಿನ ಮಾತು ನಿಶ್ಚಯ ಮಾಡಿಕೊಳ್ಳಲಿ. ಅಪ್ಪ ದೂರದೇಶದಲ್ಲಿರುವ ಮನೆಗಳಿಗೆ ಇದು ಬಹಳ ಉಪಯೋಗ.

ಅಮ್ಮನ ಫೋನನ್ನು ಸಭೆಯಲ್ಲೇ ಸರಿಮಾಡಿ

ಸೆಟ್ಟಿಂಗು ಹೀಗೆ ಮಾಡಿ ಎಂದು ಹೇಳಿ ಕಳಿಸಿದರೆ ಯಾರೂ ಮನೆಯಲ್ಲಿ ಮಾಡುವುದಿಲ್ಲ, ಕೆಲಸದ ನಡುವೆ ಎಲ್ಲಿಗೆ ಪುರುಸೊತ್ತು. ಸಭೆಗೆ ಬಂದವರ ಫೋನು ಕೈಯಲ್ಲೇ ಇರುತ್ತದಲ್ಲ, ಅಲ್ಲೇ ಮಾಡಿಸಿ. ಗೊತ್ತಿದ್ದವರು ಪಕ್ಕದವರಿಗೆ ತೋರಿಸುತ್ತಾರೆ.

ಎಲ್ಲಕ್ಕಿಂತ ಮೊದಲು ‘ಆ್ಯಪ್ ಪಿನ್ನಿಂಗ್’. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸಿನ ಸೆಕ್ಯುರಿಟಿ ವಿಭಾಗದಲ್ಲಿ ಇದು ಇರುತ್ತದೆ, ಕೆಲವದರಲ್ಲಿ ‘ಸ್ಕ್ರೀನ್ ಪಿನ್ನಿಂಗ್’ ಎನ್ನುತ್ತಾರೆ. ಸಿಗದಿದ್ದರೆ ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ ‘ಪಿನ್’ ಎಂದು ಹಾಕಿ. ಇದನ್ನು ಆನ್ ಮಾಡಿ, ಬಿಡಿಸಲು ಪಿನ್ ಕೇಳುವ ಹಾಗೆ ಇಟ್ಟರೆ, ಮಗುವಿಗೆ ತೆರೆದುಕೊಟ್ಟ ಒಂದು ಆ್ಯಪು ಬಿಟ್ಟು ಬೇರೆ ಕಡೆಗೆ ಸುಲಭದಲ್ಲಿ ಹೋಗಲಾಗುವುದಿಲ್ಲ. ಗೂಗಲ್ ಪೇಗೂ ಇಲ್ಲ, ಗ್ಯಾಲರಿಗೂ ಇಲ್ಲ. ಐಫೋನಿನಲ್ಲಿ ಇದೇ ಕೆಲಸಕ್ಕೆ ‘ಗೈಡೆಡ್ ಆ್ಯಕ್ಸೆಸ್’ ಉಂಟು. ಒಂದೇ ಫೋನನ್ನು ಇಡೀ ಮನೆ ಬಳಸುವಲ್ಲಿ ಇದರಷ್ಟು ಉಪಕಾರಿ ಬೇರೆ ಇಲ್ಲ. ಗೂಗಲಿನ ‘ಫ್ಯಾಮಿಲಿ ಲಿಂಕ್’ ಚೆನ್ನಾಗಿದೆ, ಆದರೆ ಅದು ಮಗುವಿಗೆಂದೇ ಒಂದು ಫೋನೋ ಟ್ಯಾಬೋ ಇದ್ದಾಗ ಸರಿಯಾಗಿ ಕೆಲಸಕ್ಕೆ ಬರುವಂಥದ್ದು.

ಯೂಟ್ಯೂಬಿನ ಬದಲು ‘ಯೂಟ್ಯೂಬ್ ಕಿಡ್ಸ್’ ಹಾಕಿಸಿ. ಅದರಲ್ಲಿ ಹುಡುಕುವುದನ್ನು ಆಫ್ ಮಾಡಬಹುದು, ನಾವೇ ಆರಿಸಿದ ವಿಡಿಯೊ, ಚಾನೆಲುಗಳು ಮಾತ್ರ ಕಾಣುವ ಹಾಗೂ ಇಡಬಹುದು. ದೊಡ್ಡ ಯೂಟ್ಯೂಬನ್ನೇ ಕೊಡುವುದಾದರೆ ಆಟೋಪ್ಲೇ ಆಫ್ ಆಗಿರಲಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡೋ ಬೆರಳಚ್ಚೋ ಕೇಳುವಂತೆ ಮಾಡಿ. ಗೇಮುಗಳೊಳಗಿನ ಚಾಟು, ವಾಯ್ಸ್ ಚಾಟು ಬಂದ್ ಮಾಡಿ. ವಾಟ್ಸಾಪಿನ ಪ್ರೈವಸಿಯಲ್ಲಿ ಗ್ರೂಪಿಗೆ ಸೇರಿಸುವ ಅವಕಾಶ ‘ಮೈ ಕಾಂಟ್ಯಾಕ್ಟ್ಸ್’ಗೆ ಮಾತ್ರ ಇರಲಿ, ಗುರುತಿಲ್ಲದ ನಂಬರಿನ ಕಾಲುಗಳನ್ನು ಸೈಲೆಂಟ್ ಮಾಡುವುದೂ ಅಲ್ಲೇ ಉಂಟು. ವಾಟ್ಸಾಪ್, ಇನ್‌ಸ್ಟಾಗ್ರಾಮ್ ಎರಡರಲ್ಲೂ 13 ವರ್ಷ ಆಗದವರು ತಾವಾಗಿ ಅಕೌಂಟು ತೆರೆಯುವಂತಿಲ್ಲ ಎಂದು ಆ ಕಂಪೆನಿಗಳ ನಿಯಮವೇ ಹೇಳುತ್ತದೆ. ಮೂರನೇ ಕ್ಲಾಸಿನ ಮಗುವಿನ ಹೆಸರಿನಲ್ಲಿ ಹುಟ್ಟಿದ ವರ್ಷ ಬದಲಿಸಿ ಅಕೌಂಟು ತೆರೆದುಕೊಟ್ಟವರಿದ್ದರೆ, ಮಗುವೆಂದು ಸಿಗಬೇಕಾದ ರಕ್ಷಣೆಯನ್ನೂ ಅದರೊಂದಿಗೆ ಕಳೆದಿದ್ದೇವೆಂದು ತಿಳಿಸಿ ಹೇಳಿ.

ಎಷ್ಟು ಹೊತ್ತು ಕೊಡಬಹುದು ಎಂಬುದು ಎಲ್ಲ ಸಭೆಯಲ್ಲೂ ಬರುವ ಪ್ರಶ್ನೆ. 2020ರಲ್ಲಿ ಕೇಂದ್ರ ಶಿಕ್ಷಣ ಇಲಾಖೆಯ ‘ಪ್ರಜ್ಞಾತಾ’ ಮಾರ್ಗಸೂಚಿ ಒಂದರಿಂದ ಎಂಟನೇ ಕ್ಲಾಸಿನವರ ಆನ್‌ಲೈನ್ ಪಾಠಕ್ಕೇ ದಿನಕ್ಕೆ 30ರಿಂದ 45 ನಿಮಿಷದ ಎರಡು ಅವಧಿ ಮೀರಬಾರದು ಎಂದಿತ್ತು. ಪಾಠಕ್ಕೇ ಅಷ್ಟಾದರೆ ಆಟಕ್ಕೆ ಎಷ್ಟು ಎಂದು ತಾಯಂದಿರೇ ಲೆಕ್ಕ ಹಾಕುತ್ತಾರೆ. ನನಗೆ ಗಂಟೆಗಿಂತ ಜಾಗ ಮುಖ್ಯ. ಚಾವಡಿಯಲ್ಲಿ, ನಾಲ್ಕು ಜನ ಓಡಾಡುವಲ್ಲಿ ಕೂತು ನೋಡಲಿ. ಹೊದಿಕೆಯೊಳಗೆ ಬೇಡ.

ನಮ್ಮ ಶಾಲೆಯ ಸ್ಟೇಟಸ್ಸು

ಮಕ್ಕಳಿಗೆ ಅಂಗಳ, ಚಾವಡಿ ಎಂದು ಕಲಿಸಿ, ನಾವೇ ಅವರನ್ನು ಅಂಗಳದಲ್ಲಿ ನಿಲ್ಲಿಸುವುದು ನನಗೆ ತುಂಬ ನೋವಿನ ಸಂಗತಿ. ಪ್ರವೇಶೋತ್ಸವದ ಫೋಟೋ, ಉಪಜಿಲ್ಲಾ ಕಲೋತ್ಸವದ ಬಹುಮಾನ, ಸ್ಕಾಲರ್‌ಶಿಪ್ ಪರೀಕ್ಷೆ ಪಾಸಾದವರ ಫ್ಲೆಕ್ಸು, ಎಲ್ಲದರಲ್ಲೂ ಮಗುವಿನ ಮುಖ, ಪೂರ್ತಿ ಹೆಸರು, ಕ್ಲಾಸು, ಶಾಲೆ, ಕೆಲವೊಮ್ಮೆ ಅಪ್ಪ ಅಮ್ಮನ ಹೆಸರು, ಮನೆ ಇರುವ ಜಾಗ. ಅಭಿಮಾನದಿಂದಲೇ ಹಾಕುತ್ತೇವೆ. ಆದರೆ ಚಾಕ್‌ಪೀಸಿನ ಮನೆಯಲ್ಲಿ ಹೆಕ್ಕಿದ ಚೀಟಿಗಳೆಲ್ಲ ಇಲ್ಲಿ ಒಂದೇ ಕಾಗದದಲ್ಲಿವೆ.

ನೀವು ಬಿಡದೆ ಪಟ್ಟುಹಿಡಿಯಬೇಕಾದ ಕೆಲವು ಮಾತುಗಳುಂಟು. ಹೊರಗೆ ಹೋಗುವ ಫೋಟೋದಲ್ಲಿ ಗುಂಪು ಇರಲಿ, ಒಂಟಿ ಮುಖ ಬೇಡ. ಮುಖ ಇದ್ದರೆ ಪೂರ್ತಿ ಹೆಸರು ಬೇಡ, ಹೆಸರು ಇದ್ದರೆ ಮುಖ ಬೇಡ. ಹೆತ್ತವರ ಒಪ್ಪಿಗೆ ವರ್ಷದ ಶುರುವಿನಲ್ಲೇ ಬರಹದಲ್ಲಿ ಇರಲಿ, ಬೇಡ ಎಂದವರ ಮಗುವನ್ನು ಬದಿಗೆ ನಿಲ್ಲಿಸಿ ಮುಜುಗರ ಮಾಡಬೇಡಿ. ಮಗುವನ್ನೂ ಕೇಳಿ, ‘ಈ ಫೋಟೋ ಹಾಕ್ಬಹುದಾ?’ ಎಂದು. ಒಂದನೇ ಕ್ಲಾಸಿನ ಮಗು ‘ಬೇಡ’ ಎಂದಾಗ ಟೀಚರು ಸರಿ ಎಂದು ಫೋಟೋ ಅಳಿಸಿದ್ದನ್ನು ಕಂಡರೆ, ಬೇಡ ಎನ್ನಬಹುದು ಎಂಬ ಪಾಠ ಅಲ್ಲೇ ಆಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ.

ಮಗು ನಿಜವಾಗಿಯೂ ಬಂದು ಹೇಳಿದಾಗ

ಪಾಠ ಚೆನ್ನಾಗಿ ನಡೆದರೆ ಒಂದು ದಿನ ಯಾವುದಾದರೂ ಮಗು ಇಂಟರ್‌ವೆಲ್ಲಿನಲ್ಲಿ ನಿಮ್ಮ ಸೀರೆಯ ಸೆರಗು ಎಳೆದು ಮೆಲ್ಲ ಹೇಳಲು ಶುರುಮಾಡುತ್ತದೆ. ಆಗ ಇರುವ ಕೆಲಸ ಬಿಡಿ, ಮಗುವಿನ ಎತ್ತರಕ್ಕೆ ಕೂತುಕೊಳ್ಳಿ, ಅದು ಹೇಳುವಷ್ಟನ್ನು ಮಾತ್ರ ಕೇಳಿ. ಕೆದಕಿ ಕೆದಕಿ ಪ್ರಶ್ನೆ ಹಾಕಬೇಡಿ, ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡಬೇಡಿ. ಕೊಟ್ಟರೆ ಆ ಮಾತು ಮುರಿಯಬೇಕಾಗುತ್ತದೆ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ’ ಎನ್ನಿ. ಮಗು ಹೇಳಿದ್ದನ್ನು ಅದರದ್ದೇ ಮಾತಿನಲ್ಲಿ ಅಂದೇ ಬರೆದಿಟ್ಟುಕೊಳ್ಳಿ.

ಹಣ ಹೋದ ವಿಷಯವಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕಾಲ್ ಮಾಡಿಸಿ, ತಡವಾದಷ್ಟೂ ಹಣ ತಡೆಯುವುದು ಕಷ್ಟ. ಬೈಗುಳ, ಬೆದರಿಕೆಯ ಮೆಸೇಜಾದರೆ ಸ್ಕ್ರೀನ್‌ಶಾಟ್ ತೆಗೆದು, ನಂಬರು, ತಾರೀಕು ಬರೆದಿಟ್ಟು ಆಮೇಲೆ ಬ್ಲಾಕ್ ಮಾಡಿ.

ಮಗುವಿನ ನಗ್ನ ಚಿತ್ರ, ಲೈಂಗಿಕ ವಿಷಯ ಬಂದಿದ್ದರೆ ದಾರಿ ಬೇರೆ, ಇದನ್ನು ಎಲ್ಲ ಟೀಚರುಗಳೂ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ಅಂಥ ಚಿತ್ರವನ್ನು ಸಾಕ್ಷಿ ಎಂದುಕೊಂಡು ನಿಮ್ಮ ಫೋನಿಗೆ ಹಾಕಿಕೊಳ್ಳಬೇಡಿ, ಹೆಡ್‌ಮಾಷ್ಟ್ರಿಗೂ ಫಾರ್ವರ್ಡ್ ಮಾಡಬೇಡಿ, ಸ್ಕ್ರೀನ್‌ಶಾಟೂ ತೆಗೆಯಬೇಡಿ. ಐಟಿ ಕಾಯಿದೆಯ 67ಬಿ ಸೆಕ್ಷನ್ನಿನಲ್ಲೂ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯಿದೆಯಲ್ಲೂ ಅಂಥದ್ದನ್ನು ಹಂಚುವುದು, ಇಟ್ಟುಕೊಳ್ಳುವುದು ಅಪರಾಧ. ಇದನ್ನು ಸುಪ್ರೀಂ ಕೋರ್ಟು ಸಪ್ಟೆಂಬರ್ 2024ರಲ್ಲಿ ಒತ್ತಿ ಹೇಳಿದೆ. ಆ ಫೋನನ್ನು ಏನೂ ಅಳಿಸದೆ ಹಾಗೆಯೇ ಇಟ್ಟು ಪೊಲೀಸರಿಗೆ ತಿಳಿಸಿ. 2012ರ ಪೋಕ್ಸೊ ಕಾಯಿದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ, ತಿಳಿಸದಿದ್ದರೆ ಅದೇ ಶಿಕ್ಷೆಗೆ ಗುರಿಯಾಗುವ ತಪ್ಪು. ‘ಊರಿನ ಮರ್ಯಾದೆ’, ‘ಪಿಟಿಎಯಲ್ಲಿ ಮಾತಾಡಿ ಮುಗಿಸುವ’ ಎಂದು ಯಾರು ಹೇಳಿದರೂ ಒಪ್ಪಬೇಡಿ. ಮಗುವಿನ ಹೆಸರು, ಗುರುತು ಸ್ಟಾಫ್ ರೂಮಿನಲ್ಲೂ ಹೊರಬೀಳಬಾರದು. ಕೇಂದ್ರದ ಸೈಬರ್ ಕ್ರೈಂ ಪೋರ್ಟಲಿನಲ್ಲಿ ಹೆಸರು ಕೊಡದೆಯೂ ಇಂಥ ದೂರು ಕೊಡಬಹುದು. ಚಿತ್ರ ಹರಡುವ ಭಯ ಇದ್ದರೆ 18ರ ಒಳಗಿನವರಿಗಾಗಿ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಉಂಟು. ಅದರಲ್ಲಿ ಚಿತ್ರ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ, ಅದರ ಒಂದು ಡಿಜಿಟಲ್ ಗುರುತು ಮಾತ್ರ ಹೋಗಿ ಇನ್‌ಸ್ಟಾಗ್ರಾಮ್, ಫೇಸ್‌ಬುಕ್ಕಿನಂಥವರಿಗೆ ಅದನ್ನು ತಡೆಯಲು ಸಹಾಯವಾಗುತ್ತದೆ.

1098ಕ್ಕೆ ಕಾಲ್ ಮಾಡುವಾಗ ಮೊದಲೇ ‘ಕಾಸರಗೋಡು ಜಿಲ್ಲೆ, ಕೇರಳ’ ಎಂದು ಹೇಳಿ, ನಿಮ್ಮ ಮಾತು ಕನ್ನಡ ಎಂದೂ ಹೇಳಿ. ಮಗುವಿಗೆ ಮಲಯಾಳ ಸರಿಯಾಗಿ ಬಾರದಿದ್ದರೆ ಅದರ ಜೊತೆ ಮಾತಾಡಲು ಕನ್ನಡವೋ ತುಳುವೋ ಬಲ್ಲವರು ಬೇಕೆಂದು ಪೊಲೀಸರಲ್ಲೂ ಕೌನ್ಸೆಲರಲ್ಲೂ ಕೇಳಿ. ಕೇಳುವ ಹಕ್ಕು ನಮಗುಂಟು. ಪೋಕ್ಸೊ ಕಾಯಿದೆಯೇ ಮಗುವಿನ ಹೇಳಿಕೆ ಪಡೆಯುವಾಗ ದುಭಾಷಿಯ ನೆರವು ಪಡೆಯಲು ಅವಕಾಶ ಮಾಡಿದೆ.

ಮಾರ್ಚಿನಲ್ಲಿ ಇನ್ನೊಮ್ಮೆ

ಫೆಬ್ರವರಿಯ ಸುರಕ್ಷಿತ ಇಂಟರ್‌ನೆಟ್ ದಿನಕ್ಕೆ ಪೋಸ್ಟರು ಬರೆಸುವುದು ಚೆನ್ನ, ಮಕ್ಕಳಿಗೂ ಇಷ್ಟ. ಆದರೆ ನಿಮಗೆ ಸಮಯ ಕಡಿಮೆ ಇದ್ದರೆ ಅದನ್ನು ಬಿಟ್ಟು ಮಾರ್ಚಿನ ಕೊನೆಯ ವಾರವನ್ನು ಹಿಡಿದುಕೊಳ್ಳಿ. ಏಪ್ರಿಲ್, ಮೇ ಎರಡು ತಿಂಗಳು ಮಕ್ಕಳು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಫೋನು ಕೈಯಲ್ಲಿ ಹೆಚ್ಚು ಹೊತ್ತು ಇರುವುದು, ಅಜ್ಜನ ಮನೆಯಲ್ಲಿ ದೊಡ್ಡ ಮಕ್ಕಳ ಜೊತೆ ಕೂತು ಬೇಡದ್ದು ಕಾಣುವುದು ಆಗಲೇ. ಪರೀಕ್ಷೆ ಮುಗಿದ ದಿನ ಚೀಟಿಯ ಚಾಟನ್ನು ಇನ್ನೊಂದು ಸಲ ಆಡಿಸಿ, ಐದು ಬೆರಳಿನ ಚಿತ್ರ ಹೊಸದಾಗಿ ಬರೆಸಿ. ಜೂನಿನಲ್ಲಿ ಬರೆದ ಹೆಸರುಗಳಲ್ಲಿ ಯಾವುದಾದರೂ ಬಿಟ್ಟುಹೋಗಿದ್ದರೆ ಗಮನಿಸಿ. ಆ ಚಿತ್ರವನ್ನು ಅಡುಗೆಕೋಣೆಯ ಗೋಡೆಗೆ ಅಂಟಿಸಲು ತಾಯಂದಿರಿಗೆ ಹೇಳಿ. ಕುಟುಂಬಶ್ರೀ ಎಂಬ ಮಹಿಳಾ ಸಂಘದ ಮಕ್ಕಳ ಕೂಟವಾದ ಬಾಲಸಭೆ ನಡೆಸುವ ಅಕ್ಕಂದಿರಿಗೆ ಚೀಟಿಗಳ ಒಂದು ಕಟ್ಟು ಕೊಟ್ಟುಬಿಡಿ, ರಜೆಯಲ್ಲಿ ಮಕ್ಕಳು ಒಟ್ಟು ಸೇರುವುದು ಅವರಲ್ಲಿ. ರಜೆಯಲ್ಲೂ ನಿಮಗೆ ಕಾಲ್ ಮಾಡಬಹುದೆಂದು ಮಕ್ಕಳಿಗೆ ಹೇಳಿ, ನಿಮ್ಮ ನಂಬರನ್ನು ಆ ಚಿತ್ರದ ಕೆಳಗೆ ನೀವೇ ಬರೆದುಕೊಡಿ.